ಕ್ರಿಯಾಟಿನಿನ್ 1.3: ಕಾಯಿಲೆಯೋ, ವಯಸ್ಸೋ?

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಬಿಪಿ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಕಳೆದ ತಿಂಗಳು ಹೆಲ್ತ್ ಚೆಕಪ್ ಪ್ಯಾಕೇಜ್ ಮಾಡಿಸಿದಾಗ ಸೀರಮ್ ಕ್ರಿಯಾಟಿನಿನ್ 1.3, ಇಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂಬ ಅಂದಾಜು) 58 ಬಂತು. ರಿಪೋರ್ಟಿನ ಕೆಳಗೆ ‘ಸಿಕೆಡಿ ಹಂತ 3ಎ’, ಅಂದರೆ ದೀರ್ಘಕಾಲದ ಕಿಡ್ನಿ ಕಾಯಿಲೆ, ಎಂದು ಅಚ್ಚಾಗಿತ್ತು. ಗಾಬರಿಯಾಗಿ ವಾರದೊಳಗೆ ಬೇರೆ ಲ್ಯಾಬಿನಲ್ಲಿ ಮಾಡಿಸಿದರೆ 1.2 ಮತ್ತು 64. ಮೂತ್ರದಲ್ಲಿ ಮೈಕ್ರೋಆಲ್ಬುಮಿನ್ (ಸಣ್ಣ ಪ್ರಮಾಣದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನ್) ಲೀಟರಿಗೆ 45 ಮಿಲಿಗ್ರಾಂ ಇದೆ. ಒಬ್ಬ ಡಾಕ್ಟರು ‘ಕಿಡ್ನಿಗೆ ಪೆಟ್ಟು ಬೀಳ್ತಿದೆ’ ಅಂದರು, ಇನ್ನೊಬ್ಬರು ‘ಈ ವಯಸ್ಸಿಗೆ ಇದೆಲ್ಲ ಸಹಜ’ ಅಂದರು. ಯಾರ ಮಾತು ಸರಿ? ವಯಸ್ಸಾದವರ ಮೇಲೆ ನಡೆದ ಅಧ್ಯಯನಗಳು ಏನು ಹೇಳುತ್ತವೆ? ಯಾವ ಟೆಸ್ಟನ್ನು ಎಷ್ಟು ತಿಂಗಳಿಗೊಮ್ಮೆ ಮಾಡಿಸಬೇಕು? ಬೇಳೆ, ಮೊಟ್ಟೆ ಬಿಡಿಸಬೇಕೇ?

ಉತ್ತರ: ನಿಮ್ಮ ಕೈಯಲ್ಲಿರುವ ಕಾಗದಗಳಿಂದ ಇಬ್ಬರ ಮಾತನ್ನೂ ಸಾಧಿಸಲಾಗದು. 1.3ಕ್ಕೂ 1.2ಕ್ಕೂ ವ್ಯತ್ಯಾಸವಿಲ್ಲ ಎಂದೇ ಇಟ್ಟುಕೊಳ್ಳಿ. ಇಬ್ಬರೂ ಹೆಚ್ಚು ಮಾತಾಡದ ಆ 45 ಇದೆಯಲ್ಲ, ನಿಮ್ಮ ತಂದೆಯವರ ವಿಷಯದಲ್ಲಿ ತೂಕವಿರುವುದು ಅದಕ್ಕೆ. ಆದರೆ ಅದು ಅರ್ಧ ಲೆಕ್ಕ. ಅದೇ ಮೂತ್ರದಲ್ಲಿ ಕ್ರಿಯಾಟಿನಿನ್ ಎಷ್ಟಿತ್ತು ಎಂದು ಗೊತ್ತಾಗದೆ 45ಕ್ಕೆ ಅರ್ಥ ಹಚ್ಚಲು ಬರುವುದಿಲ್ಲ.

ಮೊದಲು ರಕ್ತದ ಸಂಖ್ಯೆ. ಮಾಂಸಖಂಡಗಳಲ್ಲಿರುವ ಕ್ರಿಯಾಟಿನ್ ದಿನಕ್ಕೆ ಶೇ 1ರಿಂದ 2ರಷ್ಟು ತಾನಾಗಿಯೇ ಕ್ರಿಯಾಟಿನಿನ್ ಆಗಿ ಬದಲಾಗಿ ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕುತ್ತದೆ. ಹಾಗಾಗಿ ರಕ್ತದ ಮಟ್ಟ ಏರಿದರೆ ಸೋಸುವುದು ಕಡಿಮೆಯಾಗಿರಬಹುದು, ತಯಾರಾಗುವುದು ಹೆಚ್ಚಿರಬಹುದು. ಇಳಿದರೆ ಕಿಡ್ನಿ ಚೆನ್ನಾಗಿರಬಹುದು, ಮೈಯಲ್ಲಿ ಮಾಂಸವೇ ಕರಗಿರಬಹುದು. ವಯಸ್ಸಾದವರ ರಿಪೋರ್ಟ್ ಓದುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡನೇ ಸಾಧ್ಯತೆಯನ್ನು ಮರೆಯುವುದರಿಂದಲೇ.

ಇಜಿಎಫ್‌ಆರ್ ಅಳತೆಯಲ್ಲ, ಅಂದಾಜು. ಈಗ ಹೆಚ್ಚಾಗಿ ಬಳಕೆಯಲ್ಲಿರುವ 2021ರ ಸಿಕೆಡಿ-ಎಪಿಐ ಸೂತ್ರಕ್ಕೆ ಬೇಕಾದ್ದು ಮೂರೇ: ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಎಂಬುದು. ತೂಕ, ಎತ್ತರ, ಊಟ ಯಾವುದನ್ನೂ ಅದು ಕೇಳುವುದಿಲ್ಲ. 72 ವರ್ಷದ ಗಂಡಸಿಗೆ ಈ ಸೂತ್ರದಲ್ಲಿ ಕ್ರಿಯಾಟಿನಿನ್ 1.2 ಹಾಕಿದರೆ 64, 1.3 ಹಾಕಿದರೆ 58, 1.4 ಹಾಕಿದರೆ 53 ಬರುತ್ತದೆ. ಅದೇ 1.3 ಇರುವ ಮೂವತ್ತು ವರ್ಷದವನಿಗೆ 76. ಇನ್ನೂ ಹತ್ತಿರದಿಂದ ನೋಡಿ: ರಿಪೋರ್ಟಿನಲ್ಲಿ ಒಂದೇ ದಶಮಾಂಶ ಅಚ್ಚಾಗುವುದರಿಂದ 1.25 ಬಂದರೂ 1.3, 1.34 ಬಂದರೂ 1.3. ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 61, ಎರಡನೆಯದಕ್ಕೆ 56. ‘ಹಂತ 3ಎ’ ಶುರುವಾಗುವುದು 60ರ ಕೆಳಗೆ. ನಿಮ್ಮ ತಂದೆಯವರಿಗೆ ಕಾಯಿಲೆಯ ಹೆಸರು ಬಂದದ್ದು ಆ ಗೆರೆಯ ಮೇಲೆ ನಿಂತು.

ಆರೋಗ್ಯವಂತ ಮನುಷ್ಯನಲ್ಲೂ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಸುಮಾರು ಶೇ 5ರಷ್ಟು ಅತ್ತಿತ್ತ ಆಗುತ್ತದೆ. ಅದರ ಮೇಲೆ ಲ್ಯಾಬಿನ ವಿಧಾನದ ಗೊಂದಲ. 1886ರಲ್ಲಿ ಮ್ಯಾಕ್ಸ್ ಯಾಫೆ ಕಂಡುಹಿಡಿದ ಪಿಕ್ರಿಕ್ ಆಮ್ಲದ ವಿಧಾನವೇ ಇಂದಿಗೂ ಅನೇಕ ಲ್ಯಾಬುಗಳಲ್ಲಿ ನಡೆಯುತ್ತಿದೆ. ಕ್ಷಾರದ ದ್ರಾವಣದಲ್ಲಿ ಪಿಕ್ರಿಕ್ ಆಮ್ಲ ಕ್ರಿಯಾಟಿನಿನ್ ಜೊತೆ ಸೇರಿ ಕಿತ್ತಳೆ ಬಣ್ಣ ಕೊಡುತ್ತದೆ, ಯಂತ್ರ ಆ ಬಣ್ಣವನ್ನು ಅಳೆಯುತ್ತದೆ. ತೊಂದರೆ ಏನೆಂದರೆ ಸಕ್ಕರೆ ವಿಪರೀತ ಏರಿದ್ದಾಗಿನ ಗ್ಲೂಕೋಸ್, ಕೀಟೋನ್, ಪ್ರೋಟೀನ್, ಕೆಲವು ಸೆಫಲೋಸ್ಪೋರಿನ್ ಆಂಟಿಬಯಾಟಿಕ್‌ಗಳು ಕೂಡ ಅದೇ ಬಣ್ಣ ಬರಿಸುತ್ತವೆ. ಕಾಮಾಲೆಯ ಬಿಲಿರುಬಿನ್ ಇದ್ದರೆ ಉಲ್ಟಾ, ಕಡಿಮೆ ತೋರಿಸುತ್ತದೆ. ಎನ್‌ಜೈಮ್ ವಿಧಾನದಲ್ಲಿ ಈ ಅಡ್ಡಿ ಬಹಳ ಕಡಿಮೆ, ಖರ್ಚು ಸ್ವಲ್ಪ ಹೆಚ್ಚು. ಯಾವ ವಿಧಾನ ಎಂದು ರಿಪೋರ್ಟಿನಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಇಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ. ಒಂದು ಲ್ಯಾಬಿನ 1.3ನ್ನು ಇನ್ನೊಂದರ 1.2ರ ಜೊತೆ ಹೋಲಿಸಿ ‘ಇಳಿದಿದೆ’ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಮುಂದಿನ ಪರೀಕ್ಷೆಗಳೆಲ್ಲ ಒಂದೇ ಲ್ಯಾಬಿನಲ್ಲಿ, ಒಂದೇ ವಿಧಾನದಲ್ಲಿ ಆಗಲಿ.

ರಕ್ತ ಕೊಡುವ ದಿನದ ತಯಾರಿಯಲ್ಲೂ ಎಡವಟ್ಟಾಗುತ್ತದೆ. ‘ಖಾಲಿ ಹೊಟ್ಟೆ’ ಅಂದರೆ ನೀರನ್ನೂ ಕುಡಿಯಬಾರದು ಎಂದು ಹಿರಿಯರು ತಿಳಿಯುತ್ತಾರೆ. ರಾತ್ರಿ ಎಂಟರಿಂದ ಬೆಳಿಗ್ಗೆ ಹತ್ತರವರೆಗೆ ನೀರಿಲ್ಲದೆ, ಅದರಲ್ಲೂ ಮೂತ್ರ ಹೋಗಿಸುವ ಬಿಪಿ ಮಾತ್ರೆ ನುಂಗಿ ಬಂದವರಲ್ಲಿ ಕ್ರಿಯಾಟಿನಿನ್ ಸುಮ್ಮನೆ ಏರುತ್ತದೆ. ಸಾದಾ ನೀರು ಎಂದಿನಂತೆ ಕುಡಿಯಬಹುದು, ಕುಡಿಯಲೇಬೇಕು. ಹಿಂದಿನ ರಾತ್ರಿ ಮಟನ್, ಚಿಕನ್ ಊಟ ಬೇಡ: ಬೇಯಿಸುವಾಗ ಮಾಂಸದಲ್ಲಿರುವ ಕ್ರಿಯಾಟಿನ್ ಕ್ರಿಯಾಟಿನಿನ್ ಆಗುತ್ತದೆ, ಉಂಡ ಕೆಲವು ಗಂಟೆ ಅದು ರಕ್ತದಲ್ಲಿ ಕಾಣುತ್ತದೆ. ಮೂತ್ರದ ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್‌ನಲ್ಲಿರುವ ಟ್ರೈಮಿಥೋಪ್ರಿಮ್ ಕಿಡ್ನಿಯ ಸೋಸುವಿಕೆಯನ್ನು ಮುಟ್ಟದೆಯೇ ಕ್ರಿಯಾಟಿನಿನ್ ಹೊರಹೋಗುವ ಒಂದು ದಾರಿಯನ್ನು ಅಡ್ಡಗಟ್ಟಿ ಸಂಖ್ಯೆಯನ್ನು ಏರಿಸುತ್ತದೆ. ಟ್ರೈಗ್ಲಿಸರೈಡ್‌ಗೆ ಕೊಡುವ ಫೆನೋಫೈಬ್ರೇಟ್‌ನಿಂದಲೂ ಕ್ರಿಯಾಟಿನಿನ್ ಏರುವುದುಂಟು. ಮಂಡಿ ನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ನುಂಗುತ್ತಿದ್ದರೆ ಅದು ಬೇರೆ ಕಥೆ. ಅಲ್ಲಿ ಸೋಸುವುದೇ ನಿಜವಾಗಿ ಕುಗ್ಗುತ್ತದೆ. ಮೆಡಿಕಲ್ ಶಾಪಿನಿಂದ ತಾವೇ ತಂದುಕೊಳ್ಳುವ ಈ ಮಾತ್ರೆಗಳ ಬಗ್ಗೆ ಕೆಣಕಿ ಕೇಳದ ಹೊರತು ಹಿರಿಯರು ಬಾಯಿ ಬಿಡುವುದಿಲ್ಲ.

ಈಗ ‘ವಯಸ್ಸಿಗೆ ಸಹಜ’ ಎಂಬ ಮಾತಿಗೆ ಬರೋಣ. ಇದಕ್ಕೆ ಹಿನ್ನೆಲೆಯಾಗಿ ಒಳ್ಳೆಯ ಅಧ್ಯಯನಗಳೇ ಇವೆ. ಅವು ಹೇಳಿದ್ದು ಮಾತ್ರ ಅಷ್ಟು ಸರಳವಾಗಿಲ್ಲ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ 1958ರಲ್ಲಿ ಶುರುವಾದ ವೃದ್ಧಾಪ್ಯದ ದೀರ್ಘಕಾಲದ ಅಧ್ಯಯನ ಇಂದಿಗೂ ನಡೆಯುತ್ತಿದೆ. ಅದರ ಹೆಚ್ಚುಗಾರಿಕೆ ಏನೆಂದರೆ, ಇಂದಿನ ಯುವಕನನ್ನು ಇಂದಿನ ಮುದುಕನ ಪಕ್ಕ ನಿಲ್ಲಿಸಿ ಹೋಲಿಸುವ ಬದಲು ಒಬ್ಬನೇ ಮನುಷ್ಯನನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಅಳೆದರು. ಒಂದೇ ಸಲದ ಹೋಲಿಕೆಯಲ್ಲಿ ದೊಡ್ಡ ಮೋಸವಿದೆ. ಎಂಬತ್ತು ದಾಟಿ ಪರೀಕ್ಷೆಗೆ ಬಂದವರು ಬದುಕುಳಿದವರು, ಕಾಯಿಲೆ ಬಿದ್ದವರು ಅಷ್ಟರಲ್ಲಿ ಪಟ್ಟಿಯಿಂದಲೇ ಹೋಗಿರುತ್ತಾರೆ. ಬಾಲ್ಟಿಮೋರಿನವರು ಕಿಡ್ನಿ ಕಾಯಿಲೆಯಾಗಲಿ ಬಿಪಿಯಾಗಲಿ ಇಲ್ಲದ 254 ಗಂಡಸರ ಲೆಕ್ಕವನ್ನು 1985ರಲ್ಲಿ ಪ್ರಕಟಿಸಿದರು. ಸೋಸುವ ಸಾಮರ್ಥ್ಯ ಸರಾಸರಿ ವರ್ಷಕ್ಕೆ ನಿಮಿಷಕ್ಕೆ 0.75 ಮಿಲಿಲೀಟರಿನಂತೆ ಇಳಿದಿತ್ತು. ಆದರೆ ಅವರಲ್ಲಿ ಸುಮಾರು ಮೂರನೇ ಒಂದು ಭಾಗದವರಲ್ಲಿ ವರ್ಷಗಳು ಉರುಳಿದರೂ ಇಳಿಕೆಯೇ ಕಾಣಲಿಲ್ಲ. ಅಂದರೆ ‘ವಯಸ್ಸಾದರೆ ಎಲ್ಲರಿಗೂ ಇಳಿಯುತ್ತದೆ’ ಎಂಬುದು ಸರಾಸರಿಯ ಮಾತು, ಮನುಷ್ಯನ ಮಾತಲ್ಲ. ಈ ಅಧ್ಯಯನಕ್ಕೂ ಒಂದು ಮಿತಿ ಇದೆ: ಅವರು ಅಳೆದದ್ದು 24 ಗಂಟೆಯ ಮೂತ್ರದ ಕ್ರಿಯಾಟಿನಿನ್ ಕ್ಲಿಯರೆನ್ಸ್, ಮೂತ್ರ ಸಂಗ್ರಹದಲ್ಲಿ ಒಂದು ಸಲ ತಪ್ಪಿದರೂ ಲೆಕ್ಕ ಕೆಡುವಂಥ ವಿಧಾನ.

ಜರ್ಮನಿಯ ಬರ್ಲಿನ್‌ನಲ್ಲಿ ಹಿರಿಯರ ಮೇಲೆ ನಡೆದ ಇನ್ನೊಂದು ಅಧ್ಯಯನ ಈ ಸಮಸ್ಯೆಯನ್ನು ಬಿಡಿಸಿಕೊಂಡಿತು. ಎಪ್ಪತ್ತು ದಾಟಿದ 610 ಮಂದಿಗೆ ಐಯೋಹೆಕ್ಸಾಲ್ ಎಂಬ ದ್ರವವನ್ನು ರಕ್ತನಾಳಕ್ಕೆ ಚುಚ್ಚಿ, ಅದು ರಕ್ತದಿಂದ ಎಷ್ಟು ವೇಗವಾಗಿ ಮಾಯವಾಗುತ್ತದೆ ಎಂದು ನೋಡಿ ಸೋಸುವಿಕೆಯನ್ನು ನೇರವಾಗಿ ಅಳೆದರು. 2012ರಲ್ಲಿ ಫಲಿತಾಂಶ ಬಂತು. ಸರಾಸರಿ 60ರ ಆಸುಪಾಸು. ಎಪ್ಪತ್ತು ದಾಟಿದ ಜರ್ಮನ್ ಮನುಷ್ಯನ ಸರಾಸರಿಯೇ ‘ಕಾಯಿಲೆ’ಯ ಗೆರೆಯ ಮೇಲೆ ನಿಂತಿದೆ ಎಂದಾಯಿತು. ಯುರೋಪಿನ ಕೆಲವು ಕಿಡ್ನಿ ತಜ್ಞರು ಇದನ್ನೇ ಹಿಡಿದು, 65 ದಾಟಿದವರಿಗೆ 60ರ ಬದಲು 45ರ ಗೆರೆ ಸಾಕು, ಇಲ್ಲವಾದರೆ ಅರ್ಧ ವೃದ್ಧಲೋಕಕ್ಕೆ ರೋಗದ ಚೀಟಿ ಅಂಟಿಸಿದಂತಾಗುತ್ತದೆ ಎಂದು ವಾದಿಸುತ್ತಾರೆ. ಅಂತರರಾಷ್ಟ್ರೀಯ ಮಾರ್ಗಸೂಚಿ ಬರೆಯುವ ಕೆಡಿಗೊ ಸಂಸ್ಥೆ ಇದನ್ನು ಒಪ್ಪಿಲ್ಲ, 2024ರ ಆವೃತ್ತಿಯಲ್ಲೂ ಗೆರೆ 60ರಲ್ಲೇ ಇದೆ. ಅವರ ಪರವಾಗಿರುವುದು 46 ಅಧ್ಯಯನಗಳ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆ. ಸೋಸುವಿಕೆ ಕಡಿಮೆ ಇರುವ ಹಿರಿಯರಿಗೂ ಸಾವಿನ ಅಪಾಯ ಹೆಚ್ಚೇ ಇರುತ್ತದೆ, ಅನುಪಾತದಲ್ಲಿ ಆ ಹೆಚ್ಚಳ ಯುವಕರಿಗಿಂತ ಸಣ್ಣದಾದರೂ ತಲೆ ಎಣಿಕೆಯಲ್ಲಿ ದೊಡ್ಡದು ಎಂದು ಅದು ತೋರಿಸಿತು.

ನಮಗೆ ಕಾಣುವಂತೆ ಎರಡೂ ಕಡೆಯವರು ಒಂದು ವಿಷಯದಲ್ಲಿ ಒಪ್ಪುತ್ತಾರೆ, ಜಗಳದ ಗದ್ದಲದಲ್ಲಿ ಅದು ಕೇಳಿಸುವುದಿಲ್ಲ. ಇಜಿಎಫ್‌ಆರ್ 45ರಿಂದ 59ರ ನಡುವೆ ಇದ್ದು, ಮೂತ್ರದಲ್ಲಿ ಆಲ್ಬುಮಿನ್ ಇಲ್ಲದೆ, ವರ್ಷದಿಂದ ವರ್ಷಕ್ಕೆ ಸಂಖ್ಯೆ ಹೆಚ್ಚು ಅಲುಗಾಡದಿದ್ದರೆ ಎಪ್ಪತ್ತರ ಮನುಷ್ಯನನ್ನು ರೋಗಿ ಎಂದು ಕರೆಯುವ ಆತುರ ಬೇಡ. ಮೂತ್ರದಲ್ಲಿ ಆಲ್ಬುಮಿನ್ ಇದ್ದರೆ ವಯಸ್ಸಿನ ರಿಯಾಯಿತಿ ಯಾರಿಗೂ ಇಲ್ಲ. ವಯಸ್ಸು ಒಂದೇ ಕಾರಣಕ್ಕೆ ಆಲ್ಬುಮಿನ್ ಸೋರುವುದಿಲ್ಲ.

ಆದ್ದರಿಂದ ಆ 45. ಕಿಡ್ನಿಯ ಜರಡಿ ಸರಿಯಿದ್ದಾಗ ರಕ್ತದ ಆಲ್ಬುಮಿನ್ ಮೂತ್ರಕ್ಕೆ ಬರುವುದು ತೀರ ಅತ್ಯಲ್ಪ. ಸಕ್ಕರೆ, ಬಿಪಿಯಿಂದ ಜರಡಿಯ ಕಣ್ಣುಗಳು ಹಾಳಾದಾಗ ಮೊದಲು ಸೋರುವುದು ಇದೇ, ಎಷ್ಟೋ ಜನರಲ್ಲಿ ಕ್ರಿಯಾಟಿನಿನ್ ಏರುವುದಕ್ಕೆ ವರ್ಷಗಳ ಮುಂಚೆ. ಆದರೆ ‘ಲೀಟರಿಗೆ 45’ ಎಂಬುದು ಮೂತ್ರ ಎಷ್ಟು ನೀರಾಗಿತ್ತು ಎಂಬುದರ ಮೇಲೂ ನಿಂತಿದೆ. ಅದಕ್ಕಾಗಿ ಅದೇ ಮೂತ್ರದ ಕ್ರಿಯಾಟಿನಿನ್ನಿನಿಂದ ಭಾಗಿಸಿ ಎಸಿಆರ್, ಅಂದರೆ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ತೆಗೆಯುತ್ತಾರೆ. ನಿಮ್ಮ ತಂದೆಯವರ ಮೂತ್ರದ ಕ್ರಿಯಾಟಿನಿನ್ ಡೆಸಿಲೀಟರಿಗೆ 60 ಮಿಲಿಗ್ರಾಂ ಇತ್ತು ಎನ್ನಿ. ಅದು ಲೀಟರಿಗೆ 0.6 ಗ್ರಾಂ. 45ನ್ನು 0.6ರಿಂದ ಭಾಗಿಸಿದರೆ ಗ್ರಾಮಿಗೆ 75 ಮಿಲಿಗ್ರಾಂ, ಖಂಡಿತ ಹೆಚ್ಚು. ಅದೇ ಮೂತ್ರ ಗಟ್ಟಿಯಾಗಿದ್ದು ಕ್ರಿಯಾಟಿನಿನ್ 180 ಇದ್ದಿದ್ದರೆ 45 ಭಾಗಿಸು 1.8, ಅಂದರೆ 25. ಅದು ಮಿತಿಯೊಳಗೆ. ಎಸಿಆರ್ 30ಕ್ಕಿಂತ ಕಡಿಮೆ ಇದ್ದರೆ ಎ1 ಎಂಬ ದರ್ಜೆ, 30ರಿಂದ 300 ಎ2, ಅದರ ಮೇಲೆ ಎ3. ಕೆಲವು ಲ್ಯಾಬುಗಳು ಮಿಲಿಮೋಲ್ ಲೆಕ್ಕದಲ್ಲಿ ಕೊಡುತ್ತವೆ. ಅಲ್ಲಿ 30ಕ್ಕೆ ಸಮನಾದ್ದು ಸುಮಾರು 3. ‘ನನ್ನದು 8 ಅಷ್ಟೇ’ ಎಂದು ನೆಮ್ಮದಿಯಾಗಿರುವ ಮುಂಚೆ ಘಟಕ ನೋಡಿ.

ಲ್ಯಾಬಿಗೆ ಫೋನ್ ಮಾಡಿ, ಅದೇ ಮಾದರಿಯಲ್ಲಿ ಮೂತ್ರದ ಕ್ರಿಯಾಟಿನಿನ್ ಮಾಡಿದ್ದಾರೆಯೇ ಕೇಳಿ. ಮಾಡಿಲ್ಲವಾದರೆ ಹೊಸದಾಗಿ ‘ಯೂರಿನ್ ಎಸಿಆರ್’ ಎಂದೇ ಹೇಳಿ ಮಾಡಿಸಿ. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ‘ಆಲ್ಬುಮಿನ್: ನಿಲ್’ ಎಂದು ಬಂದದ್ದನ್ನು ಇದಕ್ಕೆ ಬದಲಿ ಎಂದುಕೊಳ್ಳಬೇಡಿ. ಆ ಪಟ್ಟಿಯ ಬಣ್ಣ ‘1 ಪ್ಲಸ್’ ತೋರಿಸುವುದು ಡೆಸಿಲೀಟರಿಗೆ ಸುಮಾರು 30 ಮಿಲಿಗ್ರಾಂ, ಅಂದರೆ ಲೀಟರಿಗೆ 300 ಇದ್ದಾಗ. ನಿಮ್ಮ ತಂದೆಯವರ 45 ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಮಾದರಿ ಕೊಡುವ ಕ್ರಮ ಹೀಗಿರಲಿ. ಬೆಳಿಗ್ಗೆ ಎದ್ದ ಕೂಡಲೆ ಹೋಗುವ ಮೊದಲ ಮೂತ್ರವೇ ಬೇಕು. ಮೊದಲ ಸ್ವಲ್ಪ ಬಿಟ್ಟು ನಡುವಿನದನ್ನು ಲ್ಯಾಬಿನವರು ಕೊಟ್ಟ ಚೊಕ್ಕ ಡಬ್ಬಿಯಲ್ಲಿ ಹಿಡಿಯಿರಿ, 20 ಮಿಲಿಲೀಟರ್ ಸಾಕು. ದಿನದ ನಡುವಿನ ಮೂತ್ರದಲ್ಲಿ ಓಡಾಟದಿಂದಲೇ ಆಲ್ಬುಮಿನ್ ಸ್ವಲ್ಪ ಏರಿರುತ್ತದೆ. ಅಂದೇ ಲ್ಯಾಬಿಗೆ ತಲುಪಿಸಲಾಗದಿದ್ದರೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇಡಬಹುದು, ಫ್ರೀಜರಿನಲ್ಲಿ ಮಾತ್ರ ಬೇಡ. ಮನೆಯ ಫ್ರೀಜರಿನ ಮಟ್ಟದ ತಣ್ಣಗೆ ಆಲ್ಬುಮಿನ್ ಒಡೆದು, ಗಡ್ಡೆ ಕಟ್ಟಿ ಲೆಕ್ಕ ಕಡಿಮೆ ಬರುತ್ತದೆ. ಜ್ವರ, ಉರಿಮೂತ್ರ, ಹಿಂದಿನ 24 ಗಂಟೆಯಲ್ಲಿ ಮೈಮುರಿಯುವ ಕೆಲಸ, ಸಕ್ಕರೆ ಅಥವಾ ಬಿಪಿ ವಿಪರೀತ ಏರಿದ ದಿನ, ಹೃದಯದ ತೊಂದರೆಯಿಂದ ಕಾಲು ಊದಿರುವ ಹೊತ್ತು: ಇವೆಲ್ಲ ಆಲ್ಬುಮಿನ್ನನ್ನು ತಾತ್ಕಾಲಿಕವಾಗಿ ಏರಿಸುತ್ತವೆ, ಅಂಥ ದಿನ ಬೇಡ. 24 ಗಂಟೆಯ ಮೂತ್ರವನ್ನು ಕ್ಯಾನಿನಲ್ಲಿ ಹಿಡಿಯುವ ಕಷ್ಟ ಇದಕ್ಕೆ ಬೇಕಿಲ್ಲ.

ಒಂದೇ ಸಲ ಹೆಚ್ಚು ಬಂದರೆ ತೀರ್ಮಾನಕ್ಕೆ ಬರಬೇಡಿ. ಎಸಿಆರ್ ಕ್ರಿಯಾಟಿನಿನ್ನಿಗಿಂತ ಬಹಳ ಹೆಚ್ಚು ಏರಿಳಿಯುವ ಸಂಖ್ಯೆ. ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ಮಾಡಿಸಿ, ಎರಡರಲ್ಲಾದರೂ 30 ದಾಟಿದರೆ ಅದು ನಿಜ. ದೀರ್ಘಕಾಲದ ಕಿಡ್ನಿ ಕಾಯಿಲೆ ಎಂಬ ಹೆಸರಿಡಲು ದೋಷ ಮೂರು ತಿಂಗಳಿಗೂ ಮೀರಿ ಉಳಿದಿರಬೇಕು ಎಂಬುದು ವ್ಯಾಖ್ಯೆಯಲ್ಲೇ ಇರುವ ಷರತ್ತು. ವಾರದೊಳಗಿನ ಎರಡು ರಿಪೋರ್ಟಿನ ಮೇಲೆ ಯಾವ ಯಂತ್ರವೂ ‘ಸಿಕೆಡಿ 3ಎ’ ಎಂದು ಅಚ್ಚು ಹಾಕುವ ಹಾಗಿಲ್ಲ. ಸಂಖ್ಯೆ ಗೆರೆ ದಾಟಿದರೆ ತಾನಾಗಿಯೇ ಬರುವ ಸಾಲು ಅದು, ನಿಮ್ಮ ತಂದೆಯವರನ್ನು ನೋಡಿ ಯಾರೂ ಬರೆದದ್ದಲ್ಲ.

ಆಲ್ಬುಮಿನ್‌ಗೆ ಇಷ್ಟು ತೂಕ ಏಕೆ? 2010ರಲ್ಲಿ ಪ್ರಕಟವಾದ, ಸಾಮಾನ್ಯ ಜನಸಮುದಾಯದ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನರ ಒಟ್ಟು ವಿಶ್ಲೇಷಣೆಯಲ್ಲಿ, ಎಸಿಆರ್ 30 ಮುಟ್ಟುವ ಮುಂಚೆಯೇ, 10ರಷ್ಟರಿಂದಲೇ ಸಾವಿನ ಅಪಾಯ ಏರತೊಡಗುವುದು ಕಂಡಿತು. ಇಜಿಎಫ್‌ಆರ್ ಎಷ್ಟೇ ಇರಲಿ, ಆಲ್ಬುಮಿನ್ ತನ್ನ ಪಾಡಿಗೆ ಅಪಾಯ ಹೇಳುತ್ತಿತ್ತು. ಅದರಲ್ಲಿ ಹೃದಯ, ರಕ್ತನಾಳದ ಪಾಲು ದೊಡ್ಡದು. ಕಿಡ್ನಿಯ ಸಣ್ಣ ನಾಳಗಳಲ್ಲಿ ಕಾಣುವ ಸೋರಿಕೆ ಮೈಯ ಉಳಿದ ನಾಳಗಳ ಸ್ಥಿತಿಯನ್ನೂ ತಿಳಿಸುತ್ತದೆ.

‘ಡಯಾಲಿಸಿಸ್‌ಗೆ ಹೋಗುತ್ತಾರೇನೋ’ ಎಂಬ ಹೆದರಿಕೆ ಪ್ರಶ್ನೆಯ ಹಿಂದೆ ಇದ್ದೇ ಇರುತ್ತದೆ, ಅದಕ್ಕೂ ಲೆಕ್ಕವಿದೆ. ಕೆನಡಾದಲ್ಲಿ 2011ರಲ್ಲಿ ರೂಪಿಸಿದ ಕಿಡ್ನಿ ವೈಫಲ್ಯದ ಅಪಾಯದ ಸೂತ್ರಕ್ಕೆ ವಯಸ್ಸು, ಲಿಂಗ, ಇಜಿಎಫ್‌ಆರ್, ಎಸಿಆರ್ ಕೊಟ್ಟರೆ ಸಾಕು. 72ರ ಗಂಡಸು, 58, ಎಸಿಆರ್ 75 ಎಂದೇ ಕೆಟ್ಟ ಲೆಕ್ಕ ಹಿಡಿದರೂ ಮುಂದಿನ ಐದು ವರ್ಷದಲ್ಲಿ ಡಯಾಲಿಸಿಸ್ ಹಂತ ಮುಟ್ಟುವ ಸಾಧ್ಯತೆ ಶೇ 0.1ರಿಂದ 0.2ರ ಸುತ್ತ. ಶೇ 3ರಿಂದ 5 ಬಂದಾಗ ಕಿಡ್ನಿ ತಜ್ಞರ ಬಳಿ ಕಳಿಸಬೇಕು ಎನ್ನುತ್ತದೆ ಮಾರ್ಗಸೂಚಿ. ನಿಮ್ಮ ತಂದೆಯವರು ಅದರ ಹತ್ತಿರವೂ ಇಲ್ಲ. ಕಾಯಬೇಕಾದ್ದು ಮುಖ್ಯವಾಗಿ ಹೃದಯವನ್ನು.

ಎಸಿಆರ್ ನಿಜವಾಗಿಯೂ 30 ದಾಟಿದೆ ಎಂದಾದರೆ ಚಿಕಿತ್ಸೆ ಬದಲಾಗುತ್ತದೆ, ಆದ್ದರಿಂದಲೇ ಈ ಪರೀಕ್ಷೆಗೆ ಇಷ್ಟು ಒತ್ತು. ಬಿಪಿಗೆ ಅಮ್ಲೋಡಿಪಿನ್ ಮಾತ್ರ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿ: ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಗುಂಪಿನ ಯಾವುದಾದರೂ ಒಂದು ಬೇಕೇ ಎಂದು. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಒಂದು ಗುಂಪು, ರಾಮಿಪ್ರಿಲ್ ಇನ್ನೊಂದು. ಈ ಎರಡನ್ನೂ ಒಟ್ಟಿಗೆ ಅಲ್ಲ. ಸಕ್ಕರೆ ಕಾಯಿಲೆಯವರ ಕಿಡ್ನಿಯನ್ನು ಲೊಸಾರ್ಟಾನ್ ಕಾಯುತ್ತದೆ ಎಂದು ರೀನಾಲ್ ಪ್ರಯೋಗ 2001ರಲ್ಲೇ ತೋರಿಸಿತು. ಆಮೇಲೆ ಎಸ್‌ಜಿಎಲ್‌ಟಿ2 ಗುಂಪಿನ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಮಾತ್ರೆಗಳು ಬಂದವು: 2019ರ ಕ್ರೆಡೆನ್ಸ್ ಪ್ರಯೋಗದಲ್ಲಿ ಕ್ಯಾನಾಗ್ಲಿಫ್ಲೋಜಿನ್, 2020ರ ಡಾಪಾ-ಸಿಕೆಡಿಯಲ್ಲಿ ಡಾಪಾಗ್ಲಿಫ್ಲೋಜಿನ್. ಡಾಪಾ-ಸಿಕೆಡಿಯಲ್ಲಿ 4304 ಮಂದಿಯನ್ನು ಸೇರಿಸಿಕೊಂಡದ್ದೇ ಎಸಿಆರ್ 200ರ ಮೇಲಿದೆ ಎಂದು ನೋಡಿ. ಕಿಡ್ನಿ ಗಂಭೀರವಾಗಿ ಕುಸಿಯುವುದು, ಕಿಡ್ನಿ ಅಥವಾ ಹೃದಯದ ಕಾರಣಕ್ಕೆ ಸಾವು ಎಂಬುವೆಲ್ಲ ಸೇರಿ ಶೇ 39ರಷ್ಟು ಕಡಿಮೆಯಾದವು. ಮೂತ್ರ ಪರೀಕ್ಷೆ ಮಾಡಿಸದವರಿಗೆ ಈ ಔಷಧಿಗಳು ತಡವಾಗಿ ಸಿಗುತ್ತವೆ, ಅಥವಾ ಸಿಗುವುದೇ ಇಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಲೊಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಯಾಗಲಿ ಎಸ್‌ಜಿಎಲ್‌ಟಿ2 ಮಾತ್ರೆಯಾಗಲಿ ಶುರು ಮಾಡಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಏರಿ ಇಜಿಎಫ್‌ಆರ್ ಇಳಿಯುತ್ತದೆ. ಕಿಡ್ನಿಯೊಳಗಿನ ಒತ್ತಡ ತಗ್ಗಿದ್ದರ ಗುರುತು ಅದು. ಮನೆಯವರು ರಿಪೋರ್ಟ್ ನೋಡಿ ‘ಮಾತ್ರೆಯಿಂದ ಕಿಡ್ನಿ ಹಾಳಾಯಿತು’ ಎಂದು ತಾವೇ ನಿಲ್ಲಿಸಿಬಿಡುವುದು ತುಂಬಾ ಸಾಮಾನ್ಯ. ಬಿಪಿ ಮಾತ್ರೆ ಶುರುವಾದ ಎರಡರಿಂದ ನಾಲ್ಕು ವಾರಕ್ಕೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿಸಿ. ಏರಿಕೆ ಶೇ 30ರೊಳಗಿದ್ದರೆ ನಿಲ್ಲಿಸಬೇಕಿಲ್ಲ, ದಾಟಿದರೆ ಡಾಕ್ಟರ ಬಳಿ ಹೋಗಬೇಕು. ವಾಂತಿ ಭೇದಿಯಾಗಿ ನೀರೂ ನಿಲ್ಲದ ದಿನ ಈ ಮಾತ್ರೆಗಳನ್ನು ತಾತ್ಕಾಲಿಕವಾಗಿ ತಡೆಯಬೇಕಾಗಬಹುದು, ಆ ದಿನ ಏನು ಮಾಡಬೇಕೆಂದು ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ. ಮೆಟ್‌ಫಾರ್ಮಿನ್‌ಗೆ ಈಗ ಅಡ್ಡಿಯಿಲ್ಲ. ಇಜಿಎಫ್‌ಆರ್ 45ರ ಕೆಳಗೆ ಪ್ರಮಾಣ ಇಳಿಸುವ ಮಾತು, 30ರ ಕೆಳಗೆ ನಿಲ್ಲಿಸುವ ಮಾತು.

ಎಷ್ಟು ತಿಂಗಳಿಗೊಮ್ಮೆ ಎಂದಿರಿ. ಮೂರು ತಿಂಗಳಾದ ಮೇಲೆ ರಕ್ತ, ಮೂತ್ರ ಎರಡನ್ನೂ ಒಂದೇ ದಿನ ಮಾಡಿಸಿ. ಎಸಿಆರ್ 30ರೊಳಗೆ ಬಂದರೆ ವರ್ಷಕ್ಕೊಮ್ಮೆ ಸಾಕು. 30 ದಾಟಿ, ಇಜಿಎಫ್‌ಆರ್ ಕೂಡ 45ರಿಂದ 59ರಲ್ಲಿದ್ದರೆ ವರ್ಷಕ್ಕೆ ಎರಡು ಸಲ. ತಿಂಗಳು ತಿಂಗಳು ಮಾಡಿಸುವುದರಿಂದ ಲ್ಯಾಬಿಗೆ ಲಾಭ, ನಿಮಗೆ ನಿದ್ದೆಗೇಡು. ಮುಂದಿನ ಸಂಖ್ಯೆಗಳನ್ನು ಓದುವಾಗ ಇಷ್ಟು ನೆನಪಿಡಿ: ಇಜಿಎಫ್‌ಆರ್ ಹಿಂದಿನದಕ್ಕಿಂತ ಶೇ 20ಕ್ಕೂ ಹೆಚ್ಚು ಬದಲಾದರೆ ಮಾತ್ರ ಅದು ಸಹಜ ಏರಿಳಿತವನ್ನು ಮೀರಿದ್ದು. 58 ಇದ್ದದ್ದು 52 ಆದರೆ ಅಲ್ಲ, 45 ಆದರೆ ಹೌದು. ಎಸಿಆರ್ ದುಪ್ಪಟ್ಟಾದರೆ ಗಂಭೀರವಾಗಿ ತೆಗೆದುಕೊಳ್ಳಿ.

ಮೂರು ತಿಂಗಳ ನಂತರವೂ ಇಜಿಎಫ್‌ಆರ್ 60ರ ಕೆಳಗೇ ನಿಂತು ಎಸಿಆರ್ ಮಾತ್ರ ಸರಿಯಿದ್ದರೆ, ಆಗ ಒಮ್ಮೆ ಸಿಸ್ಟಾಟಿನ್ ಸಿ ಮಾಡಿಸುವುದು ದುಡ್ಡಿಗೆ ತಕ್ಕ ಪರೀಕ್ಷೆ. ಇದು ಮೈಯ ಬಹುತೇಕ ಎಲ್ಲ ಜೀವಕೋಶಗಳಲ್ಲೂ ತಯಾರಾಗುವ ಸಣ್ಣ ಪ್ರೋಟೀನ್, ಮಾಂಸಖಂಡದ ಹಂಗು ಕಡಿಮೆ. ದೊಡ್ಡ ಊರುಗಳ ಲ್ಯಾಬುಗಳಲ್ಲಿ ಸಿಗುತ್ತದೆ, ಕ್ರಿಯಾಟಿನಿನ್ನಿಗಿಂತ ದುಬಾರಿ. ಸ್ಟೀರಾಯ್ಡ್ ಮಾತ್ರೆ, ಥೈರಾಯ್ಡ್ ಏರುಪೇರು, ಧೂಮಪಾನ, ಬೊಜ್ಜು, ಮೈಯಲ್ಲಿ ಉರಿಯೂತ ಇದ್ದರೆ ಅದೂ ದಾರಿ ತಪ್ಪಿಸುತ್ತದೆ, ಹಾಗಾಗಿ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಸೂತ್ರವೇ ಮೇಲು.

ಸಿಸ್ಟಾಟಿನ್ ಸಿ ನಿಜವಾಗಿ ಬೇಕಾಗುವುದು ನಿಮ್ಮ ತಂದೆಗಿಂತ ಹೆಚ್ಚಾಗಿ ಸೊರಗಿದ ಹಿರಿಯರಿಗೆ. 78 ವರ್ಷದ, 38 ಕಿಲೋ ತೂಗುವ ಅಜ್ಜಿಯ ಕ್ರಿಯಾಟಿನಿನ್ 0.9 ಎಂದುಕೊಳ್ಳಿ. ಲ್ಯಾಬಿನ ಪ್ರಕಾರ ‘ನಾರ್ಮಲ್’. 2021ರ ಸೂತ್ರದಲ್ಲಿ 65. ತೂಕವನ್ನೂ ಲೆಕ್ಕಕ್ಕೆ ಹಿಡಿಯುವ 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ 31. ಒಂದು ಸೂತ್ರ ದೊಡ್ಡ ಮೈಯ ಸರಾಸರಿಗೆ ಹೊಂದಿಸಿ ಹೇಳುತ್ತದೆ, ಇನ್ನೊಂದು ಆ ಅಜ್ಜಿಯ ಸಣ್ಣ ಮೈಗೇ ಹೇಳುತ್ತದೆ ಎಂಬುದು ಈ ಅಂತರಕ್ಕೆ ಒಂದು ಕಾರಣ. ಆದರೂ ರಕ್ತ ತೆಳು ಮಾಡುವ ಮಾತ್ರೆಗಳ ಪ್ರಮಾಣವನ್ನು 65 ಎಂದು ನಂಬಿ ಕೊಟ್ಟರೆ ರಕ್ತಸ್ರಾವದ ಅಪಾಯ ನಿಜ. ಇಂಥವರಲ್ಲಿ ಎಸಿಆರ್ ಕೂಡ ಮೋಸ ಮಾಡುತ್ತದೆ: ಮೂತ್ರಕ್ಕೆ ಬರುವ ಕ್ರಿಯಾಟಿನಿನ್ನೇ ಕಡಿಮೆಯಾದ್ದರಿಂದ ಭಾಗಾಕಾರದ ಕೆಳಗಿನ ಸಂಖ್ಯೆ ಕುಗ್ಗಿ ಅನುಪಾತ ಉಬ್ಬುತ್ತದೆ.

ಎಸಿಆರ್ ಸರಿಯಿದ್ದರೆ ಕಿಡ್ನಿ ಸರಿ ಎಂದೂ ಎಲ್ಲ ಕಡೆ ಹೇಳಲಾಗದು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ ಕಾಣುವ ಕಿಡ್ನಿ ಕಾಯಿಲೆಯಲ್ಲಿ ಪೆಟ್ಟು ಬೀಳುವುದು ಜರಡಿಗಿಂತ ಅದರ ಮುಂದಿನ ನಳಿಕೆಗಳಿಗೆ, ಹಾಗಾಗಿ ಆಲ್ಬುಮಿನ್ ಬಹಳ ಕಡಿಮೆ ಸೋರುತ್ತದೆ. ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದವರಲ್ಲೂ ಹೀಗೆ ಆಗಬಹುದು. ಎರಡೂ ಪರೀಕ್ಷೆ ಒಟ್ಟಿಗೆ ಬೇಕು ಎನ್ನುವುದು ಇದಕ್ಕೇ.

ಪ್ಯಾಕೇಜಿನ ಉಳಿದ ಕೆಂಪು ಅಕ್ಷರಗಳ ಬಗ್ಗೆ ಎರಡು ಮಾತು. ಸಾಮಾನ್ಯ ಮಿತಿ ಎಂದು ಅಚ್ಚಾಗುವುದು ಆರೋಗ್ಯವಂತರ ನಡುವಿನ ಶೇ 95ರ ಮಿತಿ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿದರೆ, ಯಾವ ರೋಗವೂ ಇಲ್ಲದವನಿಗೆ ಒಂದಾದರೂ ಕೆಂಪಾಗುವ ಸಾಧ್ಯತೆ ಶೇ 64. ವಯಸ್ಸಿಗೆ ತಕ್ಕ ಹಾಗೆ ಮಿತಿಯನ್ನು ಬದಲಿಸದಿರುವುದು ಇನ್ನೊಂದು ತೊಂದರೆ. ಮೈಯಲ್ಲಿನ ಉರಿಯೂತದ ಸುಳಿವು ಕೊಡುವ ಇಎಸ್‌ಆರ್ ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ ಹತ್ತು ಸೇರಿಸಿ ಅದರ ಅರ್ಧದವರೆಗೆ ಒಪ್ಪಬಹುದು ಎಂಬ ಹಳೆಯ ಲೆಕ್ಕದಂತೆ ನಿಮ್ಮ ತಂದೆಗೆ 36ರವರೆಗೂ ಗಾಬರಿಯಿಲ್ಲ. ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ನೋಡುವಾಗ ಹಿಮೋಗ್ಲೋಬಿನ್ನನ್ನೂ ನೋಡಿ. ಕಬ್ಬಿಣದ ಕೊರತೆಯ ರಕ್ತಹೀನತೆ ಅದನ್ನು ಸುಳ್ಳೇ ಏರಿಸುತ್ತದೆ.

ಕೊನೆಗೆ ಬೇಳೆ, ಮೊಟ್ಟೆ. ಬಿಡಿಸಬೇಡಿ. ಈ ಹಂತದಲ್ಲಿ ಪ್ರೋಟೀನ್ ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ ಎಂಬುದು ಮಾರ್ಗಸೂಚಿ, 60 ಕಿಲೋ ಇದ್ದರೆ 48 ಗ್ರಾಂ. ಅನ್ನ, ಸಾರು, ಮಜ್ಜಿಗೆಯ ಸಸ್ಯಾಹಾರಿ ಊಟದಲ್ಲಿ ಅಷ್ಟೂ ಸಿಗುವುದು ಕಷ್ಟವೇ. ಬಿಡಬೇಕಾದ್ದು ಜಿಮ್ಮಿನ ಪ್ರೋಟೀನ್ ಪೌಡರ್, ಕ್ರಿಯಾಟಿನ್ ಡಬ್ಬಿ, ನೋವಿನ ಮಾತ್ರೆ, ಇಳಿಸಬೇಕಾದ್ದು ಉಪ್ಪು. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಎಲ್ಲ ಸೇರಿ ಒಂದು ಟೀ ಚಮಚದೊಳಗೆ. ಹೆದರಿ ಬೇಳೆ ನಿಲ್ಲಿಸಿದ ಮನೆಗಳಲ್ಲಿ ಆರು ತಿಂಗಳಿಗೆ ಹಿರಿಯರ ತೊಡೆ, ತೋಳು ಸಣ್ಣಗಾಗಿ ಕ್ರಿಯಾಟಿನಿನ್ 1.3ರಿಂದ 1.1ಕ್ಕೆ ಇಳಿದರೆ ರಿಪೋರ್ಟ್ 71 ಎಂದು ತೋರಿಸುತ್ತದೆ, ಕಿಡ್ನಿ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಪ್ರತಿ ಸಲ ರಕ್ತ ಕೊಟ್ಟ ದಿನವೇ ತೂಕವನ್ನೂ ನೋಡಿ, ರಿಪೋರ್ಟಿನ ಮೂಲೆಯಲ್ಲಿ ಪೆನ್ನಿನಿಂದ ಬರೆದಿಡಿ. ಡಾಕ್ಟರ ಬಳಿ ಹೋಗುವಾಗ ಹಳೆಯ ರಿಪೋರ್ಟುಗಳನ್ನೂ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಜೊತೆಗೇ ಒಯ್ಯಿರಿ.